ಸಾವಿಲ್ಲದವನ ಪ್ರೇಮಕತೆ ಕನ್ನಡಕ್ಕೆ ಒಗ್ಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಸಾವೇ ಇಲ್ಲದವನೊಬ್ಬ ಸಾಮಾನ್ಯ ಹುಡುಗಿಯನ್ನು ಪ್ರೀತಿಸುವ, ಎರಡೂ ಕಡೆಯವರು ಒಪ್ಪದ ಪ್ರೇಮದ ಕಾದಂಬರಿ ಬರೆಯಲು ಹೊರಟಿದ್ದೀರಿ. ಮೂರು ಅಧ್ಯಾಯ ಮುಗಿದ ಮೇಲೆ ಓದಿ ನೋಡಿದರೆ ಯಾವುದೋ ಇಂಗ್ಲಿಷ್ ಸಿನಿಮಾವನ್ನು ಕನ್ನಡಕ್ಕೆ ಡಬ್ ಮಾಡಿದಂತೆ ಕೇಳಿಸುತ್ತಿದೆ. ರಕ್ತ ಹೀರುವ ವ್ಯಾಂಪೈರ್ ನಮ್ಮ ನೆಲಕ್ಕೆ ಒಗ್ಗುತ್ತದೆಯೇ, ಒಗ್ಗದಿದ್ದರೆ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ನಾನು ಕಾದಂಬರಿಕಾರನಲ್ಲ. ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ಬೇರೆಯವರ ಬರಹದಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳನ್ನು ಸರಿಪಡಿಸುವುದು ನನ್ನ ಕಸುಬು. ಪ್ರಾಣವೇ ಹೋಗದ ನಾಯಕರು ಈಚೆಗೆ ನನ್ನ ಮೇಜಿಗೆ ಹೆಚ್ಚಾಗಿ ಬರುತ್ತಿದ್ದಾರೆ, ಹಾಗಾಗಿ ಮಾತಾಡುವ ಧೈರ್ಯ ಮಾಡುತ್ತಿದ್ದೇನೆ.

ಮೊದಲು ನನ್ನದೇ ಸೋಲಿನ ಕತೆ. ಹಿಂದೊಮ್ಮೆ ನಾನೂ ಇಂಥದ್ದೊಂದನ್ನು ಬರೆದೆ. ಆಗುಂಬೆಯ ಹತ್ತಿರ ಒಂದು ಪಾಳು ಬಂಗಲೆ, ಮುನ್ನೂರು ವರ್ಷ ವಯಸ್ಸಿನ ನಾಯಕ, ಉದ್ದನೆಯ ಕಪ್ಪು ಕೋಟು, ಹೊರಗೆ ಬಿಡದೆ ಸುರಿಯುವ ಮಳೆ. ನಾಯಕಿ ನರ್ಸಿಂಗ್ ವಿದ್ಯಾರ್ಥಿನಿ. ಅವನು ಕಿಟಕಿಯ ಬಳಿ ನಿಂತು ಮಳೆಯನ್ನು ನೋಡುತ್ತಾನೆ, ಅವಳು ಬಾಗಿಲ ಬಳಿ ನಿಂತು ಅವನನ್ನು ನೋಡುತ್ತಾಳೆ. ಇದೇ ನಲವತ್ತು ಪುಟ. ಹಸ್ತಪ್ರತಿಯನ್ನು ನನ್ನ ಸೋದರತ್ತೆಗೆ ಕೊಟ್ಟೆ. ಅವರು ಪ್ರಾಥಮಿಕ ಶಾಲೆಯ ಮೇಷ್ಟರಾಗಿ ನಿವೃತ್ತರಾದವರು, ಏನನ್ನು ಓದಿದರೂ ಕೈಯಲ್ಲಿ ಕೆಂಪು ಪೆನ್ನು ಇರಲೇಬೇಕು. ಮೂರನೇ ಪುಟದ ಅಂಚಿನಲ್ಲಿ ಬರೆದಿದ್ದರು: "ಮುನ್ನೂರು ವರ್ಷದಲ್ಲಿ ಒಂದು ತಿಳಿಸಾರು ಮಾಡುವುದನ್ನೂ ಕಲಿಯಲಿಲ್ಲವೇ ಇವನು?" ಮರುದಿನ ಕರೆದು ಕೇಳಿದರು: "ಇವನಿಗೆ ಆದಾಯ ಎಲ್ಲಿಂದ ಮಾರಾಯ? ಪಿಂಚಣಿಯೇ? ಹಾಗಾದರೆ ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇನೆ ಎಂದು ಬರೆದುಕೊಡಬೇಕಲ್ಲ, ಎಷ್ಟು ವರ್ಷ ಕೊಟ್ಟ? ಸಾಯುವ ನಮ್ಮನ್ನೇ ಅವರು ಮೇಲೆ ಕೆಳಗೆ ನೋಡುತ್ತಾರೆ." ಆ ವರ್ಷ ಅವರ ಹೆಬ್ಬೆರಳಿನ ಗೆರೆ ಸವೆದು ಯಂತ್ರ ಒಪ್ಪದೆ, ಜೀವಿತ ಪ್ರಮಾಣಪತ್ರಕ್ಕಾಗಿ ಎರಡು ಸಲ ಅಲೆದಾಡಿ ಬಂದಿದ್ದರು. ನಾನು ಹಸ್ತಪ್ರತಿಯನ್ನು ಅಟ್ಟಕ್ಕೆ ಹಾಕಿದೆ.

ಅತ್ತೆಯ ಮಾತು ತಮಾಷೆಯಂತೆ ಕಂಡರೂ ನನ್ನ ಕತೆಯ ರೋಗ ಅವರಿಗೆ ಸಿಕ್ಕಿಬಿಟ್ಟಿತ್ತು. ನನ್ನ ನಾಯಕನಿಗೆ ಸಾವಿಲ್ಲದಿರುವುದು ಕೋಟಿನ ಹಾಗೆ ಮೈಮೇಲೆ ಹಾಕಿಕೊಂಡ ಅಲಂಕಾರವಾಗಿತ್ತು. ಅದರಿಂದ ಅವನಿಗೆ ಒಂದು ಕೆಲಸ ಹೆಚ್ಚಲಿಲ್ಲ, ಒಂದು ತೊಂದರೆ ಬರಲಿಲ್ಲ. ನಿಮ್ಮ ಮೂರು ಅಧ್ಯಾಯಗಳನ್ನು ನಾನು ಓದಿಲ್ಲ, ಆದರೆ ಡಬ್ಬಿಂಗಿನಂತೆ ಕೇಳಿಸುತ್ತಿದೆ ಎಂದರೆ ರೋಗ ಇದೇ ಇರಬಹುದು. ವ್ಯಾಂಪೈರ್ ಬಂದದ್ದು ತಪ್ಪಲ್ಲ. ಅವನು ಷರತ್ತಿಲ್ಲದೆ ಬಂದಿದ್ದಾನೆ.

ಷರತ್ತು ಎಂದರೆ ಏನು ಎಂಬುದಕ್ಕೆ ನಮ್ಮಲ್ಲಿರುವ ಅತ್ಯಂತ ಹಳೆಯ ಉದಾಹರಣೆಯನ್ನೇ ನೋಡಿ. ಊರ್ವಶಿ ಅಪ್ಸರೆ, ಮುಪ್ಪಿಲ್ಲ, ಸಾವಿಲ್ಲ. ಪುರೂರವ ರಾಜನಾದರೂ ಮನುಷ್ಯ. ಇವರಿಬ್ಬರ ಮಾತುಕತೆ ಋಗ್ವೇದದ ಹತ್ತನೇ ಮಂಡಲದ 95ನೇ ಸೂಕ್ತದಲ್ಲಿದೆ, ಅದರ ಹಿಂದುಮುಂದಿನ ಕತೆ ಶತಪಥ ಬ್ರಾಹ್ಮಣದಲ್ಲಿದೆ. ಅವಳು ಅವನ ಮನೆಗೆ ಬರುವಾಗ ಹಾಕಿದ ಷರತ್ತುಗಳಲ್ಲಿ ಒಂದು, ನಿನ್ನನ್ನು ನಾನು ಎಂದೂ ಬೆತ್ತಲೆಯಾಗಿ ನೋಡುವಂತಾಗಬಾರದು ಎಂಬುದು. ಸ್ವರ್ಗ ನರಕದ ಮಾತಿಲ್ಲ, ಯುದ್ಧದ ಮಾತಿಲ್ಲ. ಮಲಗುವ ಕೋಣೆಯ ಒಂದು ಸಣ್ಣ ಸಂಗತಿ.

ಅವಳು ಬಹುಕಾಲ ಅಲ್ಲಿ ಬಾಳಿ ಗರ್ಭಿಣಿಯೂ ಆದಳು. ಗಂಧರ್ವರಿಗೆ ಅವಳಿಲ್ಲದೆ ಬೇಸರ ಬಂದು ವಾಪಸು ಕರೆಸುವ ಉಪಾಯ ಹುಡುಕಿದರು. ಅವಳ ಮಂಚದ ಕಾಲಿಗೆ ಒಂದು ಕುರಿ, ಅದರ ಎರಡು ಮರಿಗಳು ಕಟ್ಟಿದ್ದವು. ರಾತ್ರಿ ಬಂದು ಒಂದು ಮರಿಯನ್ನು ಎತ್ತಿಕೊಂಡು ಹೋದರು. ಗಂಡಸೇ ಇಲ್ಲದ ಮನೆಯಿಂದ ಒಯ್ದಂತೆ ನನ್ನ ಮರಿಯನ್ನು ಒಯ್ಯುತ್ತಿದ್ದಾರಲ್ಲ ಎಂದು ಅವಳು ಕೂಗಿದಳು. ಎರಡನೆಯದನ್ನೂ ಒಯ್ದರು, ಮತ್ತೆ ಅದೇ ಮಾತು. ನಾನಿರುವಾಗ ಈ ಮನೆ ಗಂಡಸಿಲ್ಲದ ಮನೆ ಹೇಗಾಯಿತು ಎಂದು ಅವನಿಗೆ ರೇಗಿತು. ಬಟ್ಟೆ ಸುತ್ತಿಕೊಳ್ಳುವುದಕ್ಕೆ ಹೊತ್ತಾದೀತು ಎಂದು ಇದ್ದ ಹಾಗೆಯೇ ಹಾರಿದ. ಗಂಧರ್ವರು ಮಿಂಚು ಹೊಡೆಸಿದರು. ಹಗಲಿನಲ್ಲಿ ನೋಡಿದಂತೆ ಅವಳು ಅವನನ್ನು ನೋಡಿದಳು. ಅವನು ತಿರುಗಿ ಬರುವಷ್ಟರಲ್ಲಿ ಅವಳಿರಲಿಲ್ಲ.

ಈ ದೃಶ್ಯವನ್ನು ಎಷ್ಟು ಸಲ ಓದಿದರೂ ನನಗೆ ಬೇಸರ ಬರುವುದಿಲ್ಲ. ಷರತ್ತು ಮುರಿದದ್ದು ಅವನ ಕೆಟ್ಟತನದಿಂದಲ್ಲ. ಅವಳ ಕುರಿಮರಿಯನ್ನು ಉಳಿಸಲು ಹೋಗಿ ಮುರಿಯಿತು, ಅದೂ ಅವಳೇ ಕೆಣಕಿದ್ದರಿಂದ. ನಿಮ್ಮ ಕಾದಂಬರಿಯಲ್ಲಿ ಇಂಥ ಒಂದು ಕುರಿಮರಿ ಎಲ್ಲಿದೆ ಎಂದು ಹುಡುಕಿ. ಕಪ್ಪು ನಿಲುವಂಗಿ ತೊಟ್ಟ ಅಮರರ ಸಭೆ ಸೇರಿ "ಈ ಪ್ರೇಮ ನಿಷಿದ್ಧ" ಎಂದು ತೀರ್ಪು ಕೊಡುವ ಅಧ್ಯಾಯವೊಂದು ನನ್ನ ಮೇಜಿಗೆ ಬರುವ ಬಹುತೇಕ ಹಸ್ತಪ್ರತಿಗಳಲ್ಲಿ ಇರುತ್ತದೆ. ನಿಮ್ಮಲ್ಲೂ ಇದ್ದರೆ ತೆಗೆದುಬಿಡಿ. ಓದುವಾಗ ಅದು ತಾಲ್ಲೂಕು ಕಚೇರಿಯ ನೋಟಿಸಿನಂತೆ ಕೇಳುತ್ತದೆ.

ಅದೇ ಸೂಕ್ತದಲ್ಲಿ ಊರ್ವಶಿ ಒಂದು ಮಾತು ಹೇಳುತ್ತಾಳೆ. ರೂಪ ಬದಲಿಸಿಕೊಂಡು ಮನುಷ್ಯರ ನಡುವೆ ನಾಲ್ಕು ಶರದೃತುಗಳ ರಾತ್ರಿಗಳನ್ನು ಕಳೆದೆ, ದಿನಕ್ಕೊಂದು ಸಲ ಒಂದು ಹನಿ ತುಪ್ಪ ತಿಂದೆ, ಅದರಿಂದಲೇ ಇಂದಿಗೂ ತೃಪ್ತಳಾಗಿದ್ದೇನೆ ಎಂಬ ಅರ್ಥದ ಮಾತು. ಪುರೂರವ ಎದುರಿಗೆ ನಿಂತು ಸಾಯುತ್ತೇನೆ, ತೋಳಗಳು ತಿನ್ನಲಿ ಎಂದು ಗೋಳಾಡುತ್ತಿದ್ದಾನೆ. ಅವಳು ನೆನೆಯುವುದು ತುಪ್ಪದ ಹನಿಯನ್ನು. ಇಷ್ಟು ಲಕ್ಷಣವಾಗಿ ಅಮರಳೊಬ್ಬಳ ಮನಸ್ಸನ್ನು ಬಿಡಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವನಿಗೆ ಇಡೀ ಬದುಕಾಗಿದ್ದದ್ದು ಅವಳಿಗೆ ಒಂದು ರುಚಿ. ಪ್ರೀತಿ ಇಲ್ಲವೆಂದಲ್ಲ, ಇದೆ. ಅಳತೆ ಮಾತ್ರ ಬೇರೆ.

ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ಓದಿ, ನನಗೆ ಇದು ಹೊಳೆದದ್ದು ತಡವಾಗಿ. ಅವರಿಬ್ಬರ ಮಗನ ಹೆಸರು ಆಯು. ಸಾವಿಲ್ಲದವಳಿಗೂ ಸಾಯುವವನಿಗೂ ಹುಟ್ಟಿದ ಮಗುವಿಗೆ ಆಯಸ್ಸು ಎಂದೇ ಹೆಸರು! ಕಾಳಿದಾಸ ಈ ಕತೆಯನ್ನು ನಾಟಕ ಮಾಡುವಾಗ ಷರತ್ತನ್ನೇ ಬದಲಿಸಿದ: ರಾಜನು ಮಗನ ಮುಖ ನೋಡಿದ ದಿನ ಊರ್ವಶಿ ಸ್ವರ್ಗಕ್ಕೆ ಮರಳಬೇಕು. ಹಾಗಾಗಿ ಅವಳು ಹೆತ್ತ ಕೂಡಲೇ ಮಗುವನ್ನು ಚ್ಯವನರ ಆಶ್ರಮದಲ್ಲಿ ಬಚ್ಚಿಡುತ್ತಾಳೆ. ಗಂಡನಿಗೆ ಮಗನಿರುವುದೇ ಗೊತ್ತಿಲ್ಲ. ವರ್ಷಗಳು ಕಳೆದ ಮೇಲೆ ಒಂದು ಹದ್ದು ಅರಮನೆಯ ರತ್ನವನ್ನು ಕಚ್ಚಿಕೊಂಡು ಹಾರುತ್ತದೆ, ಯಾರೋ ಅದನ್ನು ಹೊಡೆದು ಕೆಡವುತ್ತಾರೆ, ಬಾಣವನ್ನು ತಂದು ರಾಜನ ಕೈಗೆ ಕೊಡುತ್ತಾರೆ. ಅದರ ಮೇಲೆ ಕೆತ್ತಿದ ಹೆಸರನ್ನು ಓದಿದಾಗ ತನಗೊಬ್ಬ ಮಗನಿದ್ದಾನೆ ಎಂದು ಅವನಿಗೆ ತಿಳಿಯುತ್ತದೆ. ಕೊನೆಗೆ ಇಂದ್ರನೇ ಮೆತ್ತಗಾಗಿ, ರಾಜ ಬದುಕಿರುವವರೆಗೆ ಅವಳು ಜೊತೆಯಲ್ಲಿರಲಿ ಎನ್ನುತ್ತಾನೆ. ಪ್ರೇಕ್ಷಕರು ಸಂತೋಷದಿಂದ ಎದ್ದು ಹೋಗುತ್ತಾರೆ. ನನ್ನಂಥ ಕರಡು ತಿದ್ದುವವನ ಕಣ್ಣು ಮಾತ್ರ "ಬದುಕಿರುವವರೆಗೆ" ಎಂಬಲ್ಲಿ ಸಿಕ್ಕಿಕೊಳ್ಳುತ್ತದೆ.

ಆಯುವಿನ ಮಗ ನಹುಷ, ನಹುಷನ ಮಗ ಯಯಾತಿ. ಮುಪ್ಪನ್ನು ತಾಳಲಾರದೆ ಮಗನ ಯೌವನವನ್ನು ಕೇಳಿ ಪಡೆದು ಸಾವಿರ ವರ್ಷ ಭೋಗಿಸಿದನಲ್ಲ, ಅದೇ ಯಯಾತಿ. ಅಂದರೆ ಎಂದೂ ಮುದಿಯಾಗದ ಊರ್ವಶಿಗೆ ಅವನು ಮರಿಮಗ. ಮಹಾಭಾರತ ಇದನ್ನು ಎತ್ತಿ ತೋರಿಸುವುದಿಲ್ಲ, ವಂಶಾವಳಿಯಲ್ಲಿ ಸುಮ್ಮನೆ ಹೆಸರುಗಳನ್ನು ಸಾಲಾಗಿ ಇಟ್ಟಿದೆ. ಮುತ್ತಜ್ಜಿಗೆ ಬೇಡವೆಂದರೂ ಹೋಗದ ಯೌವನ ಮರಿಮಗನಿಗೆ ಬೇಡಿದರೂ ನಿಲ್ಲಲಿಲ್ಲ.

ಇನ್ನೂ ಎಷ್ಟೋ ತಲೆಮಾರು ದಾಟಿ ಅರ್ಜುನ. ಅವನು ಅಸ್ತ್ರವಿದ್ಯೆಗಾಗಿ ಇಂದ್ರನ ಪಟ್ಟಣಕ್ಕೆ ಹೋದಾಗ ಒಂದು ರಾತ್ರಿ ಅದೇ ಊರ್ವಶಿ ಸಿಂಗರಿಸಿಕೊಂಡು ಅವನ ಬಾಗಿಲಿಗೆ ಬರುತ್ತಾಳೆ. ಅವನು ಕಿವಿ ಮುಚ್ಚಿಕೊಂಡು, ನೀನು ನಮ್ಮ ವಂಶದ ತಾಯಿ ಎನ್ನುತ್ತಾನೆ. ನಮಗೆ ಅಂಥ ಕಟ್ಟುಗಳಿಲ್ಲ, ನಿನ್ನ ವಂಶದವರು ಎಷ್ಟೋ ಜನ ಪುಣ್ಯ ಮಾಡಿ ಇಲ್ಲಿಗೆ ಬಂದವರು ನಮ್ಮೊಡನೆ ಇದ್ದಾರೆ ಎಂಬುದು ಅವಳ ವಾದ. ಅವನು ಒಪ್ಪುವುದಿಲ್ಲ. ಅವಳ ಶಾಪದಿಂದ ಬೃಹನ್ನಳೆಯ ಕತೆ ಹುಟ್ಟಿತು. ಕುಮಾರವ್ಯಾಸ ಅರಣ್ಯಪರ್ವದಲ್ಲಿ ಈ ಪ್ರಸಂಗವನ್ನು ಹೇಳುವುದನ್ನು ಗಮಕದಲ್ಲಿ ಕೇಳುವ ಅವಕಾಶ ಸಿಕ್ಕರೆ ಬಿಡಬೇಡಿ. ಅರ್ಜುನನ ಸಂಯಮವನ್ನು ಹೊಗಳುವುದಕ್ಕೆಂದೇ ಇದನ್ನು ನಮಗೆ ಶಾಲೆಯಲ್ಲಿ ಹೇಳಿದರು. ನನಗೆ ಕಾಣುವುದು ಬಾಗಿಲಲ್ಲಿ ನಿಂತ ಅವಳು. ಪುರೂರವನ ಮೂಗೋ ಹುಬ್ಬೋ ಈ ಹುಡುಗನಲ್ಲಿ ಉಳಿದಿತ್ತೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಇದು ನನ್ನ ಕಲ್ಪನೆ, ಯಾವ ಕವಿಯೂ ಹೇಳಿಲ್ಲ. ನಿಮಗೆ ಬೇಕಾದರೆ ತೆಗೆದುಕೊಳ್ಳಿ.

ನಿಷಿದ್ಧ ಎಂದರೆ ಹೀಗಿರಬೇಕು ಎಂದು ನನ್ನ ವಾದ. ಜಾತಿ, ಅಂತಸ್ತು, ಅಪ್ಪನ ಹಟ ಇವೆಲ್ಲ ಯಾವ ಪ್ರೇಮಕತೆಯಲ್ಲಾದರೂ ಅಡ್ಡ ಬರುತ್ತವೆ, ಅದಕ್ಕೆ ಅಮರರು ಬೇಕಿಲ್ಲ. ಸಾವಿಲ್ಲದಿರುವುದರಿಂದಲೇ ಹುಟ್ಟುವ ಅಡ್ಡಿ ಬೇಕು. ಕಚ ದೇವಯಾನಿಯರ ಕತೆಯಲ್ಲೂ ಹಾಗೆಯೇ. ಅಸುರರು ಕಚನನ್ನು ಕೊಂದಾಗಲೆಲ್ಲ ದೇವಯಾನಿ ತನ್ನ ಅಪ್ಪ, ಕಚನ ಗುರು ಶುಕ್ರನನ್ನು ಕಾಡಿ ಬೇಡಿ ಬದುಕಿಸಿದಳು. ಕೊನೆಯ ಸಲ ಸುಟ್ಟು ಬೂದಿ ಮಾಡಿ ಮದ್ಯದಲ್ಲಿ ಕಲಸಿ ಶುಕ್ರನಿಗೇ ಕುಡಿಸಿದರು. ಹೊಟ್ಟೆಯೊಳಗಿದ್ದ ಕಚನಿಗೆ ಶುಕ್ರ ಸತ್ತವರನ್ನು ಬದುಕಿಸುವ ಸಂಜೀವಿನಿ ವಿದ್ಯೆಯನ್ನು ಅಲ್ಲಿಯೇ ಕಲಿಸಿದ, ಕಚ ಹೊಟ್ಟೆ ಬಗೆದು ಹೊರಬಂದು ಗುರುವನ್ನು ಬದುಕಿಸಿದ. ಆಮೇಲೆ ದೇವಯಾನಿ ಮದುವೆಯ ಮಾತೆತ್ತಿದಾಗ, ನೀನು ಹುಟ್ಟಿದ ಒಡಲಿನಲ್ಲೇ ನಾನೂ ಇದ್ದು ಬಂದವನು, ನೀನು ನನಗೆ ತಂಗಿ ಎಂದುಬಿಟ್ಟ. ಬದುಕಿಸಿ ಎಂದು ಅವಳು ಹಟ ಹಿಡಿದದ್ದರಿಂದಲೇ ಅವನು ಅವಳಿಗೆ ದಕ್ಕಲಿಲ್ಲ. (ಆಮೇಲೆ ಅವಳು ಮದುವೆಯಾದದ್ದು ಅದೇ ಯಯಾತಿಯನ್ನು. ಊರ್ವಶಿಯ ಮನೆತನ ಯಾರನ್ನೂ ಸುಮ್ಮನೆ ಬಿಡುವುದಿಲ್ಲ.)

ಗ್ರೀಕರ ಒಂದು ಕತೆಯನ್ನೂ ಹೇಳಿ ಮುಂದಕ್ಕೆ ಹೋಗುತ್ತೇನೆ. ಉಷೆಯ ದೇವತೆ ಈಯೊಸ್ ತಾನು ಪ್ರೀತಿಸಿದ ಟಿಥೋನಸ್‌ನಿಗೆ ಸಾವು ಬಾರದಿರಲಿ ಎಂದು ಜ್ಯೂಸ್‌ನನ್ನು ಬೇಡಿದಳು, ಮುಪ್ಪು ಬಾರದಿರಲಿ ಎಂದು ಸೇರಿಸಲು ಮರೆತಳು. ಕೂದಲು ನರೆಯುತ್ತಲೇ ಅವಳು ಹಾಸಿಗೆಯಿಂದ ದೂರವಾದಳು, ಆದರೂ ಊಟ ಬಟ್ಟೆಗೆ ಕೊರತೆ ಮಾಡಲಿಲ್ಲ. ಕೈಕಾಲು ಎತ್ತಲಾರದಷ್ಟು ಮುದಿಯಾದ ಮೇಲೆ ಒಂದು ಕೋಣೆಯಲ್ಲಿಟ್ಟು ಹೊಳೆಯುವ ಬಾಗಿಲು ಹಾಕಿದಳು. ಒಳಗಿನಿಂದ ಅವನ ಧ್ವನಿ ಮಾತ್ರ ನಿಲ್ಲದೆ ಹರಿಯುತ್ತಿರುತ್ತದೆ. ಹಾಸಿಗೆ ಹಿಡಿದ ಹಿರಿಯರಿರುವ ಮನೆಯಲ್ಲಿ ಬೆಳೆದವರಿಗೆ ಆ ಬಾಗಿಲು ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ವ್ಯಾಂಪೈರ್ ವಿಷಯ. ಅದೂ ಷರತ್ತುಗಳ ಪ್ರಾಣಿಯೇ. 1897ರ 'ಡ್ರಾಕುಲಾ'ದಲ್ಲಿ ಆ ಪ್ರಭು ಕರೆಯದೆ ಯಾರ ಮನೆಗೂ ಮೊದಲ ಸಲ ಕಾಲಿಡುವಂತಿಲ್ಲ, ತನ್ನ ಊರಿನ ಮಣ್ಣಿಲ್ಲದೆ ಮಲಗುವಂತಿಲ್ಲ. ಇಂಗ್ಲೆಂಡಿಗೆ ಹೊರಟಾಗ ಐವತ್ತು ಪೆಟ್ಟಿಗೆ ಮಣ್ಣನ್ನು ಹಡಗಿನಲ್ಲಿ ಸಾಗಿಸುತ್ತಾನೆ. ಬಿಸಿಲು ಬಿದ್ದರೆ ಸಾಯುತ್ತಾನೆ ಎಂಬುದು ಆ ಕಾದಂಬರಿಯಲ್ಲಿಲ್ಲ. ಅಲ್ಲಿ ಅವನು ಲಂಡನ್ನಿನಲ್ಲಿ ಹಗಲಲ್ಲೇ ಓಡಾಡುತ್ತಾನೆ. ಬಿಸಿಲಿನ ಸಾವು ಬಂದದ್ದು 1922ರ ಒಂದು ಜರ್ಮನ್ ಮೂಕಿ ಚಿತ್ರದಿಂದ. ಅಂದರೆ ಈ ನಿಯಮಗಳನ್ನು ಬರೆಯುವವರು ಬೇಕಾದಾಗ ಬೇಕಾದಂತೆ ಮಾಡಿಕೊಂಡಿದ್ದಾರೆ, ನಿಮಗೂ ಆ ಹಕ್ಕಿದೆ. ಆದರೆ ಊರ ಮಣ್ಣಿನ ಪೆಟ್ಟಿಗೆಯನ್ನು ಕದಿಯಬೇಡಿ, ಅದು ಅಲ್ಲಿಯವರದು. ನಮ್ಮಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದರೆ ಓದಿಕೊಂಡು ವಾಪಸು ಹೋಗುವ ದೆವ್ವ ಇದೆಯಲ್ಲ, ಅದನ್ನು ನೋಡಿ. ಕನ್ನಡ ಓದಲು ಬರುವ, ಬರೆದ ಮಾತಿಗೆ ಬೆಲೆ ಕೊಡುವ, ದಿನವೂ ತಪ್ಪದೆ ಬರುವ ದೆವ್ವ! ಆ ಮನೆಯ ಹುಡುಗಿ ಒಂದು ದಿನ ಆ ಅಕ್ಷರಗಳನ್ನು ಅಳಿಸಿದರೆ ನಿಮ್ಮ ಕಾದಂಬರಿ ಅಲ್ಲೇ ಶುರುವಾಗುತ್ತದೆ.

ಡಬ್ಬಿಂಗಿನ ವಾಸನೆ ಹೋಗಬೇಕಾದರೆ ಇನ್ನೊಂದು ಕೆಲಸ ಮಾಡಿ: ನಿಮ್ಮವನು ಯಾವ ಊರಿನವನು, ಯಾವ ವರ್ಷದವನು ಎಂದು ಗಟ್ಟಿ ಮಾಡಿಕೊಳ್ಳಿ. ನಾನು ಇಂದು ನನ್ನ ಆಗುಂಬೆಯ ನಾಯಕನನ್ನು ಮತ್ತೆ ಬರೆಯುವುದಾದರೆ ಕೋಟು ಬಿಚ್ಚಿಸಿ ಅವನನ್ನು ಬಿದನೂರಿನವನನ್ನಾಗಿ ಮಾಡುತ್ತೇನೆ. 1763ರಲ್ಲಿ ಹೈದರಾಲಿ ಕೆಳದಿಯವರ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ, ಜನರ ಬಾಯಲ್ಲಿ ಅದು ನಗರವಾಗಿ ಉಳಿಯಿತು. ಶಿವಮೊಗ್ಗದ ನಿಲ್ದಾಣದಲ್ಲಿ ಬಸ್ಸು ಹತ್ತಿ ಅವನು ಬಾಯಿತಪ್ಪಿ "ಬಿದನೂರಿಗೆ ಒಂದು" ಎನ್ನುತ್ತಾನೆ. ಕಂಡಕ್ಟರ್ ತಲೆಯೆತ್ತದೆ, "ನಗರವೇ, ಹೊಸನಗರವೇ? ಬೇಗ ಹೇಳಿ, ಚಿಲ್ಲರೆ ಕೊಡಿ" ಎನ್ನುತ್ತಾನೆ. ಪಕ್ಕದ ಸೀಟಿನ ಹುಡುಗಿ ಮಾತ್ರ ತಿರುಗಿ ನೋಡುತ್ತಾಳೆ, ಅವಳ ಮುತ್ತಜ್ಜಿ ಆ ಊರನ್ನು ಬಿದನೂರು ಎಂದೇ ಕರೆಯುತ್ತಿದ್ದರು. ಅವನು ಲೆಕ್ಕ ಹಾಕುವಾಗ ಆಣೆಯಲ್ಲಿ ಯೋಚಿಸಿ ಪೈಸೆಗೆ ಬದಲಾಯಿಸುತ್ತಾನೆ. 1957ರಲ್ಲಿ ಹೊಸ ನಾಣ್ಯ ಬಂದದ್ದು ಅವನಿಗೆ ಮೊನ್ನೆಯ ಮಾತು. ಹಿಂದೊಮ್ಮೆ ಒಬ್ಬಳೊಂದಿಗೆ ಸಂಸಾರ ಮಾಡಿದ ಮನೆ ಶರಾವತಿ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು, ಮನೆ, ಅವಳನ್ನು ಸುಟ್ಟ ಜಾಗ, ತೋಟ ಎಲ್ಲ ತಳ ಸೇರಿತು. ನೀರು ತೀರ ಇಳಿದ ವರ್ಷಗಳಲ್ಲಿ ಮುಳುಗಿದ್ದ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಜನ ಹೋಗಿ ಫೋಟೋ ತೆಗೆದುಕೊಳ್ಳುತ್ತಾರೆ. ಅವನೂ ಹೋಗುತ್ತಾನೆ, ಈ ಹುಡುಗಿಯನ್ನು ಕರೆದುಕೊಂಡು. ಕೆಸರಿನಲ್ಲಿ ಒಂದು ಕಡೆ ನಿಂತು ಇಲ್ಲಿ ಅಡಿಗೆಮನೆ ಇತ್ತು ಎನ್ನುತ್ತಾನೆ. ಅವಳು, ಯಾರದು ಎಂದು ಕೇಳುತ್ತಾಳೆ. ಇಲ್ಲಿ ಅವನಿಗೆ ಉತ್ತರ ಬರೆಯಲು ನನಗೆ ಕೈ ಬರುತ್ತಿಲ್ಲ, ಅದಕ್ಕೇ ನಾನು ಕರಡು ತಿದ್ದುವವನು.

ಭಾಷೆಯ ಬಗ್ಗೆ ಎರಡೇ ಮಾತು. ಹಳಬ ಎಂದು ತೋರಿಸಲು ಅವನ ಬಾಯಲ್ಲಿ ಹಳಗನ್ನಡ ತುರುಕಬೇಡಿ. ಅಷ್ಟು ಕಾಲ ಜನರ ನಡುವೆ ಇದ್ದವನು ಎಲ್ಲರಂತೆಯೇ ಮಾತಾಡಲು ಕಲಿತಿರುತ್ತಾನೆ. ಎಲ್ಲೋ ಒಂದು ಊರಿನ ಹೆಸರಲ್ಲಿ, ಒಂದು ಅಳತೆಯ ಮಾತಿನಲ್ಲಿ ಜಾರಿದರೆ ಸಾಕು. ಮತ್ತೆ, "ಅವನ ಕಣ್ಣುಗಳಲ್ಲಿ ಶತಮಾನಗಳ ನೋವಿತ್ತು" ಎಂಬ ವಾಕ್ಯವನ್ನು ನಾನು ಬೇರೆ ಬೇರೆ ಲೇಖಕರ ಹಸ್ತಪ್ರತಿಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ನಿಮ್ಮದರಲ್ಲಿ ಇದ್ದರೆ ದಯವಿಟ್ಟು ಹೊಡೆದುಹಾಕಿ.

ಕೊನೆಗೆ, ಎಲ್ಲಿಂದ ಶುರು ಮಾಡಲಿ ಎಂದಿರಲ್ಲ. ನಾನಾಗಿದ್ದರೆ ಗಿಳಿಯಿಂದ ಶುರು ಮಾಡುತ್ತೇನೆ. ಏಳು ಸಮುದ್ರದ ಆಚೆ, ಗುಹೆಯೊಳಗೆ, ಪಂಜರದ ಗಿಳಿಯಲ್ಲಿ ಜೀವ ಇಟ್ಟ ರಾಕ್ಷಸನ ಕತೆಯನ್ನು ನೀವೂ ಕೇಳಿರುತ್ತೀರಿ. ಅವನಿಗೆ ಕತ್ತಿ ತಾಗುವುದಿಲ್ಲ, ಬೆಂಕಿ ಸುಡುವುದಿಲ್ಲ. ಹೊತ್ತು ತಂದ ರಾಜಕುಮಾರಿ ಒಂದು ರಾತ್ರಿ ಅವನ ತಲೆ ನೇವರಿಸುತ್ತಾ, ನಿನಗೇನಾದರೂ ಆದರೆ ನನ್ನ ಗತಿ ಏನು, ನಿನ್ನ ಜೀವ ಎಲ್ಲಿದೆ ಹೇಳು ಎಂದು ಕೇಳುತ್ತಾಳೆ. ಅವನು ಹೇಳಿಬಿಡುತ್ತಾನೆ. ಅಷ್ಟು ಕಾಲ ಯಾರಿಗೂ ಹೇಳದ್ದನ್ನು ಅವಳಿಗೆ ಯಾಕೆ ಹೇಳಿದ? ಅವಳ ಮಾತು ನಾಟಕವೆಂದು ಅವನಿಗೆ ನಿಜವಾಗಿಯೂ ಗೊತ್ತಾಗಲಿಲ್ಲವೇ, ಗೊತ್ತಾಗಿಯೂ ಹೇಳಿದನೇ? ಬಲಾತ್ಕಾರದಿಂದ ಹೊತ್ತು ತಂದವನ ಪ್ರೀತಿಗೆ ಬೆಲೆ ಎಷ್ಟು ಎಂಬ ಪ್ರಶ್ನೆಯನ್ನೂ ನೀವು ದಾಟಿ ಹೋಗುವಂತಿಲ್ಲ, ಇಂದಿನ ಓದುಗರು ಬಿಡುವುದಿಲ್ಲ, ಬಿಡಲೂಬಾರದು.

ನನ್ನ ಅಜ್ಜಿ ಇದನ್ನು ಹೇಳುವಾಗ ರಾಜಕುಮಾರ ಸಮುದ್ರ ದಾಟುವುದನ್ನು, ಗುಹೆ ಹುಡುಕುವುದನ್ನು ಉದ್ದಕ್ಕೆ ಎಳೆಯುತ್ತಿದ್ದರು. ಗಿಳಿಯ ಒಂದು ರೆಕ್ಕೆ ಕಿತ್ತರೆ ಇಲ್ಲಿ ರಾಕ್ಷಸನ ಒಂದು ತೋಳು ಬೀಳುತ್ತದೆ, ಕಾಲು ಮುರಿದರೆ ಕಾಲು, ಕತ್ತು ತಿರುವಿದರೆ ಅವನು ಬೆಟ್ಟ ಉರುಳಿದಂತೆ ಉರುಳುತ್ತಾನೆ. ಆಗ ಅವಳು ಎಲ್ಲಿದ್ದಳು ಎಂದು ನಾನು ಕೇಳಿದ್ದೆ. ಅಜ್ಜಿ, ಮಲಗು ಹೊತ್ತಾಯಿತು ಎಂದು ದೀಪ ಆರಿಸಿದರು. ನೀವು ಬರೆಯುವುದಾದರೆ ಅವಳನ್ನು ಅದೇ ಕೋಣೆಯಲ್ಲಿ, ತೋಳು ಬೀಳುವುದು ಕಾಣುವಷ್ಟು ಹತ್ತಿರದಲ್ಲಿ ಕೂರಿಸಿ.